ಸೈಕಲ್ ಸಹವಿಹಾರ

'ವಿಹಾರ' ಎಂಬ ಶಬ್ದಕ್ಕೆ ನಿಘಂಟುಗಳು ಸಂತೋಷಾರ್ಥವಾಗಿ ಮಾಡುವ ಸಂಚಾರ ಎಂಬ ಅರ್ಥವನ್ನು ಕೊಡುತ್ತವೆ. ಸಂಚಾರಕ್ಕೂ ವಿಹಾರಕ್ಕೂ ಭೇದವುಂಟು. ಸಂತೆಗೆ ಹೋಗುವವನದು ಸಂಚಾರ. ಸಂಜೆ ಕೆರೆಯ ಏರಿಯ ಮೇಲೆ ತಿರುಗುವವನದು ವಿಹಾರ. ಮೊದಲನೆಯದಕ್ಕೆ ಗಮ್ಯವೇ ಪ್ರಧಾನ, ಎರಡನೆಯದಕ್ಕೆ ಗಮನವೇ ಪ್ರಧಾನ. ಈ ಎರಡನೆಯದು ಒಬ್ಬಂಟಿಯಾಗಿರದೆ ಸಮಾನಾಸಕ್ತರೊಡನೆ ಕೂಡಿ, ಅದೂ ಸೈಕಲ್ಲಿನ ಮೇಲೆ ನಡೆಯುವುದಾದರೆ ಅದನ್ನು 'ಸೈಕಲ್ ಸಹವಿಹಾರ'ವೆಂದು ಕರೆಯಲು ಅಡ್ಡಿಯಿಲ್ಲ. ವಿದ್ಯಾರ್ಥಿಗಳಿಗೆ ಕ್ಷುಲ್ಲಕವೆಂದು ತೋರಬಹುದಾದ ಈ ವಿಷಯದಲ್ಲಿ ಭೌತಶಾಸ್ತ್ರ, ಆರೋಗ್ಯ, ಸಂಘಜೀವನ, ಭಾಷೆ ಇವೆಲ್ಲವೂ ಒಂದಿಷ್ಟು ಬೆರೆತಿರುವುದರಿಂದ ಇದು ಪಾಠಯೋಗ್ಯವೇ ಆಗಿದೆ.

ಮೊದಲು ಶಬ್ದವನ್ನೇ ನೋಡೋಣ. 'ಬೈಸಿಕಲ್' ಎಂಬುದರಲ್ಲಿ ಪೂರ್ವಪದಕ್ಕೆ ಎರಡು ಎಂದೂ ಉತ್ತರಪದಕ್ಕೆ ಗಾಲಿ ಎಂದೂ ಅರ್ಥ. ಈ ಉತ್ತರಪದವು ಗ್ರೀಕ್ ಭಾಷೆಯ 'ಕುಕ್ಲೋಸ್' ಎಂಬುದರಿಂದ ಬಂದುದು. ಅದೂ ಸಂಸ್ಕೃತದ 'ಚಕ್ರ'ವೂ ಒಂದೇ ಮೂಲದಿಂದ ಕವಲೊಡೆದ ದಾಯಾದಿ ಶಬ್ದಗಳೆಂದು ಭಾಷಾಶಾಸ್ತ್ರಜ್ಞರು ನಿರ್ಣಯಿಸಿದ್ದಾರೆ. ಕನ್ನಡಿಗನ ಬಾಯಿಗೆ ಬಿದ್ದ ಕೂಡಲೆ ಅದು ಕಲ್ಲು, ಹಲ್ಲು, ಬಿಲ್ಲುಗಳ ಪಂಕ್ತಿಯಲ್ಲಿ ಕುಳಿತು 'ಸೈಕಲ್ಲು' ಆಯಿತು. ಇನ್ನು ಕ್ರಿಯಾಪದದ ಸೊಗಸನ್ನು ಹೇಳಬೇಕೆ? ಕುದುರೆಯನ್ನು ಏರುತ್ತೇವೆ, ಬಂಡಿಯನ್ನು ಹೊಡೆಯುತ್ತೇವೆ, ಮೋಟಾರನ್ನು ಓಡಿಸುತ್ತೇವೆ, ಸೈಕಲ್ಲನ್ನಾದರೋ ತುಳಿಯುತ್ತೇವೆ. ಕಬ್ಬಿಣದ ಯಂತ್ರವೊಂದಕ್ಕೆ ಮನುಷ್ಯನ ಕಾಲೇ ಎಂಜಿನ್ನು ಎಂಬ ಸಂಗತಿಯನ್ನು ಈ ಒಂದು ಕನ್ನಡ ಧಾತು ತಿಳಿಸಿಬಿಡುತ್ತದೆ. 'ದ್ವಿಚಕ್ರಿಕೆ' ಮೊದಲಾದ ಹೊಸ ಸೃಷ್ಟಿಗಳನ್ನು ಈ ಯಂತ್ರಕ್ಕೆ ತೊಡಿಸುವ ಅಗತ್ಯವು ಕಾಣುವುದಿಲ್ಲ.

ಇದರ ಇತಿಹಾಸವು ದೀರ್ಘವಾದುದಲ್ಲ. 1817ರಲ್ಲಿ ಜರ್ಮನಿಯ ಕಾರ್ಲ್ ಫಾನ್ ಡ್ರೈಸ್ ಎಂಬಾತನು ಎರಡು ಗಾಲಿಗಳ ಮರದ ಯಂತ್ರವೊಂದನ್ನು ರಚಿಸಿ, ಅದರ ಮೇಲೆ ಕುಳಿತು ನೆಲವನ್ನು ಕಾಲಿನಿಂದ ನೂಕುತ್ತ ಚಲಿಸಿದನು. 1860ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಮುಂಗಾಲಿಗೆ ಪೆಡಲು ಬಂತು. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿಯು ಸಮಾನ ಗಾತ್ರದ ಗಾಲಿಗಳನ್ನೂ ಹಿಂಗಾಲಿಗೆ ಸರಪಣಿಯನ್ನೂ ಇರಿಸಿ ರಚಿಸಿದ 'ರೋವರ್' ಮಾದರಿಯೇ ಇಂದಿನ ಸೈಕಲ್ಲಿನ ಪಿತಾಮಹ. 1888ರಲ್ಲಿ ಡನ್‌ಲಪ್ಪನು ಗಾಳಿ ತುಂಬಿದ ಟೈರನ್ನು ತಂದನು. ಗಮನಿಸತಕ್ಕ ವಿಶೇಷವೇನೆಂದರೆ, ಯಂತ್ರವು ಇನ್ನೂ ಪೂರ್ಣರೂಪವನ್ನು ತಾಳುವ ಮೊದಲೇ, 1878ರಲ್ಲಿಯೇ, ಇಂಗ್ಲೆಂಡಿನಲ್ಲಿ ಸೈಕಲ್ ಪ್ರವಾಸಿಗರ ಸಂಘವು ಹುಟ್ಟಿಕೊಂಡಿತ್ತು. ಸೈಕಲ್ಲು ಹುಟ್ಟುತ್ತಲೇ ಜೊತೆಯನ್ನು ಬೇಡಿತೆಂಬುದಕ್ಕೆ ಇದೊಂದು ಸಾಕ್ಷ್ಯ. ನಮ್ಮ ದೇಶದವರೇ ಆದ ಮುಂಬಯಿಯ ಪಾರ್ಸಿ ತರುಣರಾದ ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಮ್ ಭುಮಗಾರಾ 1923ರಲ್ಲಿ ಹೊರಟು, ಸೈಕಲ್ಲಿನಲ್ಲಿ ಜಗತ್ತನ್ನೇ ಸುತ್ತಿ 1928ರಲ್ಲಿ ಮರಳಿದರು.

ಹೊಳಲ್ಕೆರೆಯಂತಹ ಊರುಗಳಲ್ಲಿ ಸಹವಿಹಾರವು ಬಹುಕಾಲ ಬಡತನದ ರೂಪದಲ್ಲಿತ್ತು. ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸೈಕಲ್ ಕೊಡುವ ಅಂಗಡಿಗಳಿದ್ದ ಕಾಲದಲ್ಲಿ ನಾಲ್ವರು ಹುಡುಗರು ಕಾಸು ಕೂಡಿಸಿ ಒಂದೇ ಸೈಕಲ್ಲನ್ನು ಪಡೆದು ಸರದಿಯಂತೆ ತುಳಿಯುತ್ತಿದ್ದರು. ಸೀಟು ಎಟುಕದ ಬಾಲಕನು ಅಡ್ಡಪಟ್ಟಿಯ ಕೆಳಗೆ ಕಾಲು ತೂರಿಸಿ ವಕ್ರಾಸನದಲ್ಲಿ ತುಳಿಯುವಾಗ ಉಳಿದ ಮೂವರು ಹಿಂದೆ ಓಡುತ್ತಿದ್ದರು. 2006–07ರಲ್ಲಿ ರಾಜ್ಯ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ಲನ್ನು ಕೊಡುವ ಯೋಜನೆಯನ್ನು ಆರಂಭಿಸಿದ ಮೇಲೆ ಹಳ್ಳಿಹಳ್ಳಿಗೂ ಸೈಕಲ್ಲುಗಳು ಬಂದವು; ಹಿಂದೆ ಓಡುತ್ತಿದ್ದವನಿಗೂ ತನ್ನದೇ ಒಂದು ಗಾಡಿಯಾಯಿತು. ಕೋವಿಡ್ ವ್ಯಾಧಿಯು ಹಬ್ಬಿದ 2020ರ ಬಳಿಕ ಆ ವಿತರಣೆ ನಿಂತುಹೋಯಿತು. ಅದಕ್ಕಿಂತಲೂ ಚಿಂತಿಸಬೇಕಾದ ಸಂಗತಿ ಬೇರೊಂದಿದೆ. ದೊರೆತ ಸೈಕಲ್ಲುಗಳೂ ಶಾಲೆಗೂ ಮನೆಗೂ ನಡುವಣ ಸಂಚಾರಕ್ಕೆ ಮೀಸಲಾಗಿ, ಹತ್ತನೆಯ ತರಗತಿ ಮುಗಿದೊಡನೆ ಹಿತ್ತಿಲ ಗೋಡೆಗೆ ಒರಗುತ್ತವೆ. ವಿಹಾರದ ಅಭಿರುಚಿ ಹುಟ್ಟಿರದಿದ್ದರೆ ಸಾಧನವು ಎಷ್ಟು ದಿನ ಉಳಿದೀತು? ಶಾಲೆಯ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ದೇಹಶ್ರಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರ ಮಾರ್ಗಸೂಚಿಯಲ್ಲಿ ವಿಧಿಸಿದೆ. ಸಂಜೆಯ ಒಂದು ಸುತ್ತು ಅದನ್ನು ಪೂರೈಸಬಲ್ಲುದು.

ಈಗ ಕೂಡಿ ತುಳಿಯುವುದರ ಶಾಸ್ತ್ರವನ್ನು ವಿಚಾರಿಸೋಣ. ಸಮತಟ್ಟಾದ ರಸ್ತೆಯಲ್ಲಿ ವೇಗವಾಗಿ ಹೋಗುವ ಸವಾರನಿಗೆ ಪ್ರಧಾನ ಶತ್ರುವು ನೆಲವಲ್ಲ, ಗಾಳಿ. ವೇಗವು ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ. ಅದನ್ನು ಗೆಲ್ಲಲು ಬೇಕಾದ ಶಕ್ತಿಯು ಎಂಟರಷ್ಟಾಗುತ್ತದೆ. ಮುಂದಿರುವ ಸವಾರನು ಗಾಳಿಯನ್ನು ಸೀಳುವಾಗ ಅವನ ಬೆನ್ನ ಹಿಂದೆ ಒತ್ತಡ ಕಡಿಮೆಯಾದ ಒಂದು ಆಶ್ರಯಸ್ಥಾನವು ಏರ್ಪಡುತ್ತದೆ. ಅಲ್ಲಿ ಸೇರಿಕೊಂಡ ಎರಡನೆಯವನಿಗೆ, ವೇಗವನ್ನೂ ಅಂತರವನ್ನೂ ಅನುಸರಿಸಿ, ಶ್ರಮದಲ್ಲಿ ಕಾಲು ಭಾಗದಿಂದ ಮೂರನೆಯ ಒಂದು ಭಾಗದವರೆಗೂ ಉಳಿತಾಯವಾಗುತ್ತದೆ. ಆಕಾಶದಲ್ಲಿ ಹಕ್ಕಿಗಳು ಸಾಲುಗಟ್ಟಿ ಹಾರುವುದರಲ್ಲಿಯೂ ಇಂತಹುದೇ ಒಂದು ಮಿತವ್ಯಯವಿದೆ. ಆದರೆ ಒಬ್ಬನೇ ಸದಾ ಮುಂದಿದ್ದರೆ ಅವನು ಬಳಲುತ್ತಾನೆ. ಆದ್ದರಿಂದ ಬಲ್ಲವರು ಸರದಿಯಂತೆ ಮುಂದೆ ಬಂದು, ಕೆಲವು ನಿಮಿಷ ಗಾಳಿಯನ್ನು ಹೊತ್ತು, ಬದಿಗೆ ಸರಿದು ಸಾಲಿನ ಕಡೆಗೆ ಸೇರುತ್ತಾರೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಪಟುಗಳು ಗಾಲಿಗೆ ಗಾಲಿ ತಾಗುವಷ್ಟು ಹತ್ತಿರ ಹೋಗುವುದನ್ನು ಕಂಡು ಬಾಲಕರು ಅನುಕರಿಸತಕ್ಕದ್ದಲ್ಲ. ಸಾಮಾನ್ಯ ಸೈಕಲ್ಲಿನ ಉಕ್ಕಿನ ರಿಮ್ಮು ಮಳೆಯಲ್ಲಿ ನೆನೆದರೆ ಬ್ರೇಕು ಸರಿಯಾಗಿ ಹಿಡಿಯುವುದಿಲ್ಲ. ಮುಂದಿನವನಿಂದ ಒಂದು ಸೈಕಲ್ಲಿನ ಉದ್ದವನ್ನಾದರೂ ಬಿಡಬೇಕು. ಆಗ ಉಳಿತಾಯ ಸ್ವಲ್ಪ ತಗ್ಗುತ್ತದೆ, ಹಲ್ಲು ಉಳಿಯುತ್ತದೆ.

ಗಾಳಿಯ ಮಾತು ಬಂದುದರಿಂದ ಹೊಳಲ್ಕೆರೆಯ ರಸ್ತೆಗಳನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ನೆಟ್ಟಿರುವುದು ವ್ಯರ್ಥವಾಗಿಯಲ್ಲ. ಮುಂಗಾರಿನ ತಿಂಗಳುಗಳಲ್ಲಿ ಈ ಸೀಮೆಗೆ ಪಡುವಣ ಗಾಳಿಯು ಬಿರುಸಾಗಿ ಬೀಸುತ್ತದೆ. ಬಯಲು ಗಣಪತಿಯ ಊರಿನಿಂದ ಈಶಾನ್ಯಕ್ಕೆ, ಮೂವತ್ತು ಕಿಲೋಮೀಟರಿಗೂ ಮಿಕ್ಕ ದೂರದ ದುರ್ಗಕ್ಕೆ, ಹೊರಟವರಿಗೆ ಹೋಗುವಾಗ ಗಾಳಿ ಬೆನ್ನಿಗಿರುತ್ತದೆ. ತಮ್ಮ ಕಾಲಿಗೆ ಅಪಾರ ಬಲ ಬಂದಿದೆಯೆಂಬ ಭ್ರಮೆ ಆಗ ಹುಟ್ಟುತ್ತದೆ. ಹಿಂದಿರುಗುವಾಗ ಅದೇ ಗಾಳಿ ಎದೆಗೆ ಬಡಿದು, ದಣಿದ ಕಾಲುಗಳಿಂದ ಬಡ್ಡಿ ಸಮೇತ ಸಾಲವನ್ನು ವಸೂಲು ಮಾಡುತ್ತದೆ. ಆಷಾಢದ ದಿನಗಳಲ್ಲಿ ಪಶ್ಚಿಮಾಭಿಮುಖವಾಗಿ, ಚಿಕ್ಕಜಾಜೂರಿನ ಕಡೆಗೆ ಹೊರಡುವುದೇ ಜಾಣತನ. ಹುರುಪಿರುವಾಗ ಎದುರುಗಾಳಿ, ಮರಳುವಾಗ ಬೆಂಬಲ. ಅಡಿಕೆ ತೋಟಗಳ ನಡುವಣ ರಸ್ತೆಯಲ್ಲಂತೂ ತೋಟವೇ ಗೋಡೆಯಾಗಿ ನಿಂತು ಸವಾರನನ್ನು ಕಾಯುತ್ತದೆ. ಸುಗ್ಗಿಯ ಕಾಲದಲ್ಲಿ ಮಾತ್ರ ಹಳ್ಳಿಯ ರಸ್ತೆಗಳೇ ಕಣಗಳಾಗುತ್ತವೆ. ಹರಡಿದ ಮೆಕ್ಕೆಜೋಳದ ಕಾಳಿನ ಮೇಲೆ ಗಾಲಿಯು ಜಾರುತ್ತದೆ, ಹುರುಳಿಯ ಬಳ್ಳಿಯು ಸರಪಣಿಗೆ ಸುತ್ತಿಕೊಳ್ಳುತ್ತದೆ. ಅಲ್ಲಿ ಇಳಿದು ನಡೆಯುವುದು ಸವಾರನಿಗೂ ಕ್ಷೇಮ, ರೈತನಿಗೂ ಗೌರವ.

ಇದೇ ತಾಲ್ಲೂಕಿನ ಮಲ್ಲಾಡಿಹಳ್ಳಿಯು ವಿಹಾರಕ್ಕೆ ಅರ್ಹವಾದ ಮತ್ತೊಂದು ಗಮ್ಯ. 'ತಿರುಕ' ಎಂಬ ಹೆಸರಿನಿಂದ ಗ್ರಂಥಗಳನ್ನು ರಚಿಸಿದ ಶ್ರೀ ರಾಘವೇಂದ್ರ ಸ್ವಾಮಿಗಳು 1943ರಲ್ಲಿ ಅಲ್ಲಿ ಅನಾಥ ಸೇವಾಶ್ರಮವನ್ನು ಕಟ್ಟಿ, 1996ರಲ್ಲಿ ದೇಹ ಬಿಡುವವರೆಗೂ ಯೋಗ ಮತ್ತು ವ್ಯಾಯಾಮಗಳನ್ನು ಅಸಂಖ್ಯರಿಗೆ ಕಲಿಸಿದರು. ಅಂಗಸಾಧನೆಯು ಗುಂಪಿನಲ್ಲಿ ನಡೆದಾಗ ಆಲಸ್ಯಕ್ಕೆ ಎಡೆಯಿಲ್ಲವೆಂಬುದು ಈ ನೆಲಕ್ಕೆ ಹೊಸ ಪಾಠವೇನಲ್ಲ.

ಸಹವಿಹಾರಕ್ಕೆ ನಿಯಮಗಳು ಹೆಚ್ಚಿಲ್ಲ, ಇರುವುವು ಕಠಿಣ. ಗುಂಪಿನ ವೇಗವನ್ನು ನಿರ್ಧರಿಸುವವನು ಬಲಿಷ್ಠನಲ್ಲ, ಅತ್ಯಂತ ದುರ್ಬಲನು. ದಾರಿ ಬಲ್ಲವನೊಬ್ಬನು ಮುಂದೆ, ಪಂಕ್ಚರ್ ಹಾಕಬಲ್ಲವನೊಬ್ಬನು ಕಟ್ಟಕಡೆಗೆ. ಈ ಕಡೆಯವನ ಹಿಂದೆ ಯಾರೂ ಉಳಿಯಕೂಡದು. ಗುಂಡಿಯನ್ನು ಕಂಡ ಮುಂದಾಳು ಕೈಯಿಂದ ನೆಲವನ್ನು ತೋರಿಸಬೇಕು. ಆ ಸಂಕೇತವು ಸಾಲಿನ ಕೊನೆಯವರೆಗೆ ದಾಟಿಹೋಗಬೇಕು. ಎಡಬದಿಯಲ್ಲಿ ಒಬ್ಬರ ಹಿಂದೊಬ್ಬರು ಸಾಗಬೇಕೇ ಹೊರತು ಮಾತಿನ ಚಪಲಕ್ಕೆ ರಸ್ತೆಯ ತುಂಬ ಅಡ್ಡಲಾಗಿ ಹರಡಕೂಡದು. ಕೇಂದ್ರ ಸರ್ಕಾರದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಪ್ರಾಣ ಕಳೆದುಕೊಂಡವರು 1,68,491 ಮಂದಿ. ಅವರಲ್ಲಿ ಸೈಕಲ್ ಸವಾರರೂ ಸಾವಿರಾರು. ಚಿತ್ರದುರ್ಗ–ಶಿವಮೊಗ್ಗ ಹೆದ್ದಾರಿಯಲ್ಲಿ ಲಾರಿಗಳು ಹಾಯುವ ವೇಗವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಿಂಬದಿಗೆ ಕೆಂಪು ಪ್ರತಿಫಲಕ, ಮುಸ್ಸಂಜೆಗೆ ದೀಪ, ತಿಳಿಬಣ್ಣದ ಅಂಗಿ ಇವು ಅಲಂಕಾರಗಳಲ್ಲ. ಒಬ್ಬಂಟಿ ಸವಾರನು ಚಾಲಕನ ಕಣ್ಣಿಗೆ ಬೀಳದೆ ಹೋಗಬಹುದು; ಎಂಟು ಜನರ ಸಾಲು ತಪ್ಪದೆ ಬೀಳುತ್ತದೆ.

ಗುಂಪಿನ ಈ ರಕ್ಷಣೆಯು ಹೆಣ್ಣುಮಕ್ಕಳ ವಿಷಯದಲ್ಲಿ ಇಮ್ಮಡಿಯಾದ ಅರ್ಥವನ್ನು ಪಡೆಯುತ್ತದೆ. ನೆರೆಯ ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನವು ಅಕ್ಷರದೊಡನೆ ಸೈಕಲ್ಲನ್ನೂ ಕಲಿಸಿತು. ಸಾವಿರಾರು ಗ್ರಾಮೀಣ ಸ್ತ್ರೀಯರು ಮೊದಲ ಬಾರಿಗೆ ಸೈಕಲ್ ಏರಿದರು. ಒಬ್ಬಳೇ ಏರಿದ್ದರೆ ಊರು ನಗುತ್ತಿತ್ತೋ ಏನೋ. ಒಟ್ಟಾಗಿ ಏರಿದಾಗ ನಗುವವರೇ ಬದಿಗೆ ಸರಿದು ದಾರಿ ಬಿಟ್ಟರು. ಗಂಡುಮಕ್ಕಳ ಸಂಜೆಯ ಸುತ್ತಿಗೆ ಮನೆಯವರ ಅಪ್ಪಣೆ ಬೇಕಿಲ್ಲದಿರುವಾಗ ಹೆಣ್ಣುಮಕ್ಕಳಿಗೆ ಮಾತ್ರ ಸೈಕಲ್ಲೆಂದರೆ ಶಾಲೆಯ ದಾರಿ ಎಂದಿರುವುದು ನ್ಯಾಯವಲ್ಲ. ನಾಲ್ಕಾರು ಗೆಳತಿಯರು ಕೂಡಿ ಹೊರಡುವ ಏರ್ಪಾಡನ್ನು ಶಾಲೆಗಳೇ ಮಾಡಿದರೆ ತಾಯ್ತಂದೆಯರ ಅಳುಕು ಬೇಗ ಕರಗುತ್ತದೆ.

ವಿಹಾರವನ್ನು ಹಂಚಿಕೊಳ್ಳುವುದೆಂದರೆ ಜೊತೆಗೆ ತುಳಿಯುವುದಷ್ಟೇ ಅಲ್ಲ, ತುಳಿದುದನ್ನು ಹೇಳಿಕೊಳ್ಳುವುದೂ ಹೌದು. ಎಲ್ಲಿಗೆ, ಎಷ್ಟು ದೂರ, ಯಾರೊಡನೆ, ಗಾಳಿ ಯಾವ ಕಡೆಯದು, ಯಾವ ಕೆರೆಯಲ್ಲಿ ಎಷ್ಟು ನೀರು, ಎಲ್ಲಿ ರಸ್ತೆ ಕಿತ್ತಿದೆ, ಯಾವ ಮರ ಹೂ ಬಿಟ್ಟಿದೆ ಎಂಬುದನ್ನು ಐದಾರು ವಾಕ್ಯಗಳಲ್ಲಿ ಬರೆದಿಡುವ ಅಭ್ಯಾಸವು ಗದ್ಯಲೇಖನಕ್ಕೆ ಅತ್ಯುತ್ತಮವಾದ ಸಾಧನೆ. 'ಬಹಳ ಚೆನ್ನಾಗಿತ್ತು' ಎಂಬ ವಾಕ್ಯವನ್ನು ನಿಷೇಧಿಸಿದರೆ ಸಾಕು, ವಿದ್ಯಾರ್ಥಿಯ ಕಣ್ಣು ತಾನಾಗಿ ತೆರೆಯುತ್ತದೆ. ಇಂದು ಈ ಲೆಕ್ಕವನ್ನು ಮೊಬೈಲ್ ದೂರವಾಣಿಯೇ ಇಡುತ್ತದೆ. ದಾರಿಯ ನಕ್ಷೆ, ವೇಗ, ಏರಿಳಿತಗಳನ್ನು ಗೆಳೆಯರಿಗೆ ಕ್ಷಣದಲ್ಲಿ ತಲುಪಿಸುತ್ತದೆ. ಅದರಲ್ಲಿ ಎರಡು ಅಪಾಯಗಳಿವೆ. ವೇಗದ ಅಂಕಿಯನ್ನು ಮೆರೆಸುವ ಹಂಬಲದಲ್ಲಿ ವಿಹಾರವು ಪೈಪೋಟಿಯಾಗುವುದು ಒಂದು. ಮನೆಯ ಬಾಗಿಲು ಯಾವುದು, ಯಾವ ಹೊತ್ತಿಗೆ ಯಾವ ದಾರಿಯಲ್ಲಿ ಸಿಗುತ್ತಾರೆ ಎಂಬುದು ಅಪರಿಚಿತರಿಗೂ ತಿಳಿದುಹೋಗುವುದು ಇನ್ನೊಂದು. 'ಸ್ಟ್ರಾವಾ' ಎಂಬ ಇಂತಹ ಸೇವೆಯು ಪ್ರಕಟಿಸಿದ ಜಾಗತಿಕ ನಕ್ಷೆಯಿಂದ ಮರುಭೂಮಿಯ ಸೈನಿಕ ಠಾಣ್ಯಗಳ ಇರುವು ಸಹ ಬಯಲಾದುದು 2018ರ ಜನವರಿಯಲ್ಲಿ ದೊಡ್ಡ ಸುದ್ದಿಯಾಗಿತ್ತು. ಸೈನ್ಯಕ್ಕೇ ಹಾಗಾದರೆ ಶಾಲೆಯ ಬಾಲಕಿಯ ಗತಿಯೇನು? ನಕ್ಷೆಯನ್ನು ಗೆಳೆಯರಿಗಷ್ಟೇ ಕಾಣುವಂತೆ ಇರಿಸಬೇಕು. ಮನೆಯ ಆಸುಪಾಸನ್ನು ಮರೆಮಾಡಬೇಕು. ಇಲ್ಲವೇ ಹಳೆಯ ನೋಟ್‌ಪುಸ್ತಕವನ್ನೇ ಆಶ್ರಯಿಸಬೇಕು.

ಅಭ್ಯಾಸ ಬಲಿತವರಿಗೆ ಮುಂದಿನ ಮೆಟ್ಟಿಲುಗಳೂ ಇವೆ. 2008ರಲ್ಲಿ ಬೆಂಗಳೂರಿನ ಉತ್ಸಾಹಿಗಳು ನೀಲಗಿರಿಯ ಕಡೆಗೆ ಸಾಮೂಹಿಕ ಸೈಕಲ್ ಯಾತ್ರೆಯನ್ನು ಆರಂಭಿಸಿದರು. ಫ್ರಾನ್ಸಿನಿಂದ ಬಂದ 'ಬ್ರೆವೆ' ಎಂಬ ಪದ್ಧತಿಯಲ್ಲಿ 200 ಕಿಲೋಮೀಟರುಗಳನ್ನು ಹದಿಮೂರೂವರೆ ಗಂಟೆಗಳೊಳಗೆ, 300ನ್ನು 20 ಗಂಟೆಗಳೊಳಗೆ, 400ನ್ನು 27 ಗಂಟೆಗಳೊಳಗೆ, 600ನ್ನು 40 ಗಂಟೆಗಳೊಳಗೆ ಕ್ರಮಿಸಬೇಕು. ಇದರಲ್ಲಿ ಮೊದಲನೆಯವನೆಂಬ ಸ್ಥಾನವೇ ಇಲ್ಲ. ಅವಧಿಯೊಳಗೆ ಮುಟ್ಟಿದವರೆಲ್ಲರೂ ಸಮಾನರು, ಬೆಳಗಿನ ಜಾವ ಮುಟ್ಟಿದವನೂ ಅಷ್ಟೆ, ಗಡುವಿಗೆ ಐದು ನಿಮಿಷ ಮುಂಚೆ ಸೈಕಲ್ ತಳ್ಳಿಕೊಂಡು ಬಂದವನೂ ಅಷ್ಟೆ.