ಅಗರಖೇಡದಿಂದ ಹೊರಟ ನಗೆ

ಪ್ರಶ್ನೆ: ‘ಅಮೆರಿಕಾದಲ್ಲಿ ಗೊರೂರು’ ಓದಿ ಹೊಟ್ಟೆತುಂಬ ನಕ್ಕೆ. ನಗಿಸುತ್ತಲೇ ದೇಶ ಸುತ್ತಿಸುವ ಅಂಥ ಲೇಖಕರು ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಯಾರೂ ಆಗಿಲ್ಲವೇ? ನಮ್ಮ ಕಡೆಯವರೆಂದರೆ ವಚನ, ಅನುಭಾವ, ಜಾನಪದ ಇಷ್ಟೇ ಎನ್ನುತ್ತಾರೆ. – ಓದುಗರೊಬ್ಬರು, ಇಂಡಿ

ಉತ್ತರ: ಹಾಗೆನ್ನುವುದಕ್ಕೆ ಕಾರಣವಿದೆ. ಬಾಗೇವಾಡಿ ಎಂದ ಕೂಡಲೇ ಬಸವಣ್ಣ ನೆನಪಾಗುತ್ತಾರೆ. ಹಲಸಂಗಿ ಎಂದರೆ ಮಧುರಚೆನ್ನರು, ಚಡಚಣ ಎಂದರೆ ಸಿಂಪಿ ಲಿಂಗಣ್ಣನವರು, ಸಿಂದಗಿ ತಾಲೂಕಿನ ಗುಬ್ಬೇವಾಡ ಎಂದರೆ ಎಂ. ಎಂ. ಕಲಬುರ್ಗಿ. ಇಷ್ಟು ದೊಡ್ಡ ಹೆಸರುಗಳ ನಡುವೆ ನಿಮ್ಮ ತಾಲೂಕಿನವರೇ ಆದ ನಗೆಗಾರರೊಬ್ಬರು ಮರೆಯಾಗಿದ್ದಾರೆ. ಅವರೇ ಭೀಮಾ ದಂಡೆಯ ಅಗರಖೇಡದಲ್ಲಿ ಹುಟ್ಟಿದ ‘ಶ್ರೀರಂಗ’, ಅಂದರೆ ಆದ್ಯ ರಂಗಾಚಾರ್ಯರು.

ಗೊರೂರರೂ ಶ್ರೀರಂಗರೂ ಒಂದೇ ವರ್ಷ ಹುಟ್ಟಿದವರು. ಗೊರೂರರು 1904ರ ಜುಲೈ 4ರಂದು, ಶ್ರೀರಂಗರು ಅದೇ ವರ್ಷ ಸೆಪ್ಟೆಂಬರ್ 26ರಂದು. ಗೊರೂರರು ಊರಿನ ರಸಿಕರ ನಡುವೆ ಬಾಳಿ, ಇಳಿವಯಸ್ಸಿನಲ್ಲಿ ಅಮೆರಿಕ ಕಂಡು ಬಂದು ಬರೆದರು. ಆ ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಶ್ರೀರಂಗರದು ತಿರುವುಮುರುವು ದಾರಿ. ಇಪ್ಪತ್ತರ ಹರೆಯದಲ್ಲೇ ಸಂಸ್ಕೃತದ ಹೆಚ್ಚಿನ ಓದಿಗಾಗಿ ಲಂಡನ್ನಿಗೆ ಹೋದರು, 1928ರಲ್ಲಿ ಎಂ.ಎ. ಮುಗಿಸಿಕೊಂಡು ಬಂದರು. ಅಲ್ಲಿ ಕಂಡದ್ದಕ್ಕಿಂತ, ಅಲ್ಲಿಂದ ಬಂದ ಮೇಲೆ ಇಲ್ಲಿ ಕಂಡದ್ದೇ ಅವರ ಬರವಣಿಗೆಗೆ ಹೆಚ್ಚು ಒದಗಿತು. ಪ್ರವಾಸ ಅವರಿಗೆ ಕೊಟ್ಟದ್ದು ತಮ್ಮ ಮನೆಯನ್ನು ದೂರ ನಿಂತು ನೋಡುವ ಕಣ್ಣು.

ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಸಂಸ್ಕೃತದ ಪ್ರಾಧ್ಯಾಪಕರಾದರು. ಆಗ ಉತ್ತರ ಕರ್ನಾಟಕದಲ್ಲಿ ನಾಟಕವೆಂದರೆ ಕಂಪನಿ ನಾಟಕ. ಬಣ್ಣದ ಪರದೆ, ಕಾಲ್ಪೆಟ್ಟಿಗೆಯ ಶ್ರುತಿ, ಮಾತಿಗೊಂದು ಹಾಡು, ‘ಒನ್ಸ್ ಮೋರ್’ ಕೂಗಿದರೆ ಸತ್ತ ರಾಜನೂ ಎದ್ದು ಹಾಡಬೇಕು, ಬೆಳಗಿನ ಜಾವದವರೆಗೂ ಆಟ. ಶ್ರೀರಂಗರು ಇದೆಲ್ಲವನ್ನೂ ಬದಿಗಿಟ್ಟು ಒಂದು ಪಡಸಾಲೆಯನ್ನು ರಂಗಕ್ಕೆ ತಂದರು. ಅಲ್ಲಿ ನಾಲ್ಕು ಕುರ್ಚಿ, ಒಬ್ಬ ಅಪ್ಪ, ಕಾಲೇಜು ಓದುವ ಒಬ್ಬ ಮಗ, ಬಾಗಿಲ ಮರೆಯಲ್ಲಿ ನಿಂತು ಎಲ್ಲ ಕೇಳಿಸಿಕೊಳ್ಳುವ ತಾಯಿ. ಹಾಡಿಲ್ಲ, ಬರೀ ಮಾತು. ಅದೂ ನಮ್ಮ ಕಡೆಯ ಮನೆಗಳಲ್ಲಿ ಆಡುವ ಮಾತು. ಪ್ರೇಕ್ಷಕರು ತಮ್ಮ ಮನೆಯ ಜಗಳವನ್ನೇ ಟಿಕೆಟು ಕೊಂಡು ನೋಡಿ ನಕ್ಕರು.

ಆ ನಗೆಯ ಬಗ್ಗೆ ನನಗೆ ಬಹಳ ಗೌರವವಿದೆ. ಪರರ ಜಾತಿ, ಪರರ ಊರು, ಪರರ ಬಡತನ ತೋರಿಸಿ ನಗಿಸುವುದಕ್ಕೆ ಧೈರ್ಯ ಬೇಕಿಲ್ಲ. ಶ್ರೀರಂಗರು ಬ್ರಾಹ್ಮಣ ಮನೆತನದವರು. 1930ರ ದಶಕದಲ್ಲಿ, ಗಾಂಧೀಜಿಯವರ ಹರಿಜನೋದ್ಧಾರದ ಮಾತು ಎಲ್ಲೆಡೆ ಹಬ್ಬಿದ್ದಾಗ, ‘ಹರಿಜನ್ವಾರ’ ಬರೆದು ತಮ್ಮವರ ಮಡಿ ಮೈಲಿಗೆಯ ಸೋಗನ್ನೇ ಬಯಲಿಗೆಳೆದರು. ಸ್ವಾತಂತ್ರ್ಯ ಬಂದ ಮೇಲೆ ಗಾಂಧಿಯ ಹೆಸರು ಹೇಳಿಕೊಂಡೇ ಅಧಿಕಾರಕ್ಕೆ ಹಾತೊರೆದವರನ್ನು ‘ಶೋಕಚಕ್ರ’ದಲ್ಲಿ ಹಿಡಿದು ನಿಲ್ಲಿಸಿದರು. ‘ಕತ್ತಲೆ ಬೆಳಕು’, ‘ಕೇಳು ಜನಮೇಜಯ’ದ ಹೊತ್ತಿಗೆ ನಗೆ ಇನ್ನೂ ಆಳಕ್ಕಿಳಿಯಿತು. ನಾಟಕವೇ ತನ್ನನ್ನು ತಾನು ಪ್ರಶ್ನಿಸಿಕೊಳ್ಳತೊಡಗಿತು. ‘ಕೇಳು ಜನಮೇಜಯ’ ಹಿಂದಿಗೆ ಹೋಗಿ ದೆಹಲಿಯ ರಂಗದ ಮೇಲೂ ಆಡಿತು.

ಅವರು ಬರೆದ ದೊಡ್ಡ ನಾಟಕಗಳೇ ನಲವತ್ತಕ್ಕೂ ಹೆಚ್ಚು, ಏಕಾಂಕಗಳು ಅರವತ್ತಕ್ಕೂ ಹೆಚ್ಚು, ಕಾದಂಬರಿಗಳು ಬೇರೆ. ರಾಯಚೂರಿನ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ‘ಕಾಳಿದಾಸ’ ವಿಮರ್ಶೆಗೆ 1971ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, ಮರುವರ್ಷ ಪದ್ಮಭೂಷಣ. ಭರತನ ನಾಟ್ಯಶಾಸ್ತ್ರವನ್ನು ಇಂಗ್ಲಿಷಿಗೆ ತಂದವರೂ ಅವರೇ. 1984ರಲ್ಲಿ ತೀರಿಕೊಂಡರು. ಇಂಗ್ಲಿಷ್ ಕಾದಂಬರಿಗಾರ್ತಿ ಶಶಿ ದೇಶಪಾಂಡೆ ಶ್ರೀರಂಗರ ಮಗಳು. ಹಳೆಯ ಗ್ರಂಥಾಲಯಗಳಲ್ಲಿ ಹುಡುಕುವಾಗ ಒಂದು ಮಾತು ನೆನಪಿರಲಿ: ಸಂಸ್ಕೃತ ನಾಟಕದ ಮೇಲಿನ ಶ್ರೀರಂಗರ ಇಂಗ್ಲಿಷ್ ಪುಸ್ತಕ ಆರ್. ವಿ. ಜಾಗೀರದಾರ್ ಎಂಬ ಹೆಸರಿನಲ್ಲಿದೆ.

ಇನ್ನು ಪ್ರವಾಸದ ಮಾತು. ಅದಕ್ಕೆ ಮುದ್ದೇಬಿಹಾಳದ ಕಡೆ ತಿರುಗಬೇಕು. ಅಲ್ಲಿ 1956ರಲ್ಲಿ ಹುಟ್ಟಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಕಲಿಸಿದ ಅರವಿಂದ ಮಾಲಗತ್ತಿಯವರು ಚೀನಾ ಕಂಡು ಬಂದು ಪ್ರವಾಸ ಕಥನ ಬರೆದಿದ್ದಾರೆ. ಅವರನ್ನು ಹಾಸ್ಯ ಲೇಖಕರೆಂದು ಕರೆಯಲಾಗದು. ಆದರೆ 1994ರ ಅವರ ಆತ್ಮಕಥನ ‘ಗೌರ್ಮೆಂಟ್ ಬ್ರಾಹ್ಮಣ’ವನ್ನು ‘ಹರಿಜನ್ವಾರ’ದ ಪಕ್ಕದಲ್ಲಿಟ್ಟು ಓದಲೇಬೇಕು. ಒಂದೇ ಜಿಲ್ಲೆಯ ಎರಡು ತಾಲೂಕು, ನಡುವೆ ಸುಮಾರು ಅರವತ್ತು ವರ್ಷ. ಶ್ರೀರಂಗರು ಮನೆಯ ಒಳಗೆ ನಿಂತು ಹೊಸ್ತಿಲಿನ ಕಡೆ ನೋಡಿ ನಕ್ಕರು. ಹೊಸ್ತಿಲಿನ ಆಚೆಗೇ ನಿಲ್ಲಿಸಲ್ಪಟ್ಟ ಹುಡುಗನಿಗೆ ಶಾಲೆಯಲ್ಲಿ, ಊರಲ್ಲಿ ಏನೇನಾಯಿತು ಎಂಬುದನ್ನು ಮಾಲಗತ್ತಿಯವರು ಚಿಕ್ಕಚಿಕ್ಕ ಪ್ರಸಂಗಗಳಲ್ಲಿ ಹೇಳಿದರು. ಅಲ್ಲಿ ಒಮ್ಮೊಮ್ಮೆ ಓದುಗನ ತುಟಿಯಲ್ಲಿ ನಗು ಮೂಡುತ್ತದೆ, ಮರುಗಳಿಗೆಯಲ್ಲೇ ನಾಚಿಕೆ ಆವರಿಸುತ್ತದೆ. ಒಬ್ಬರ ಮಾತು ಅರ್ಧ ಸತ್ಯ. ಇಬ್ಬರನ್ನೂ ಓದಿದರೆ ನಿಮ್ಮ ನೆಲದ ಪೂರ್ತಿ ಚಿತ್ರ ಸಿಗುತ್ತದೆ.

ಗೊರೂರರ ಹಾಗೆ ನಗೆ, ಪ್ರವಾಸ ಎರಡನ್ನೂ ಒಂದೇ ಹೊತ್ತಿಗೆಯಲ್ಲಿ ಕಟ್ಟಿಕೊಟ್ಟವರನ್ನು ಹುಡುಕಿದರೆ ಇವರಿಬ್ಬರೂ ಆ ಅಳತೆಗೆ ಕೂಡುವುದಿಲ್ಲ. ಆದರೆ ಊರು ಬಿಟ್ಟು ದೂರ ಹೋದವರು ಊರನ್ನು ಮರೆಯದೆ, ಮೆಚ್ಚಿಸಲೂ ಹೋಗದೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು ನಿಮ್ಮ ಸೀಮೆಯ ದೊಡ್ಡ ಗಳಿಕೆ.

ನೀವು ಮೊದಲು ಶ್ರೀರಂಗರ ಏಕಾಂಕಗಳಿಂದ ಶುರುಮಾಡಿ. ಆಮೇಲೆ ‘ಹರಿಜನ್ವಾರ’, ‘ಗೌರ್ಮೆಂಟ್ ಬ್ರಾಹ್ಮಣ’, ಕೊನೆಗೆ ‘ಕೇಳು ಜನಮೇಜಯ’. ಇಂಡಿಯ ಶಾಲೆ ಕಾಲೇಜುಗಳ ಗ್ಯಾದರಿಂಗಿನಲ್ಲಿ ಅವರದೊಂದು ಏಕಾಂಕ ಆಡಿಸಲು ನಿಮ್ಮ ಕೈಲಾದರೆ ಇನ್ನೂ ಒಳ್ಳೆಯದು. ಹೆಚ್ಚು ಖರ್ಚಿಲ್ಲ, ನಾಲ್ಕು ಕುರ್ಚಿ ಸಾಕು. ಅಗರಖೇಡದ ಮಕ್ಕಳಿಗೆ ತಮ್ಮೂರಿನ ಲೇಖಕ ಗೊತ್ತಾಗುವುದಕ್ಕೆ ಅದಕ್ಕಿಂತ ನೇರ ದಾರಿ ಇನ್ನೊಂದಿಲ್ಲ.