ಕಾಡಿನ ಹಕ್ಕು: ಸಂಸತ್ತಿನಲ್ಲಿ ಆದ ಚರ್ಚೆ, ನಮ್ಮ ಗ್ರಾಮಸಭೆಯಲ್ಲಿ ಆಗಬೇಕಾದ ಕೆಲಸ



ಕೆಲವು ತಿಂಗಳ ಹಿಂದೆ ಕಾಡಂಚಿನ ಒಂದು ಹಾಡಿಯ ಸಂಘದ ಸಭೆಗೆ ನಾವು ಹೋಗಿದ್ದೆವು. ಉಳಿತಾಯ, ಸಾಲದ ಕಂತು ಎಲ್ಲಾ ಪುಸ್ತಕಕ್ಕೆ ಬರೆದಾದ ಮೇಲೆ ಒಬ್ಬ ತಾಯಿ ಸೆರಗಿನ ಗಂಟು ಬಿಚ್ಚಿ ಮಡಚಿದ ಕಾಗದ ಒಂದನ್ನು ಕೊಟ್ಟರು. "ಇದರಲ್ಲಿ ಏನು ಬರೆದವ್ರೆ ಓದಿ ಸಿಸ್ಟರ್" ಅಂದರು. ಅರಣ್ಯ ಹಕ್ಕಿಗಾಗಿ ಹಾಕಿದ್ದ ಅರ್ಜಿ ತಿರಸ್ಕಾರವಾಗಿದೆ ಅಂತ ಉಪವಿಭಾಗ ಮಟ್ಟದ ಸಮಿತಿಯಿಂದ ಬಂದ ಕಾಗದ ಅದು. ಕಾರಣ ಒಂದೇ ಸಾಲು: ದಾಖಲೆ ಸಾಲದು. ಅರ್ಜಿಯಲ್ಲಿ ಗಂಡನ ಹೆಸರು ಮಾತ್ರ ಇತ್ತು. ಗ್ರಾಮಸಭೆ ಯಾವಾಗ ಆಯ್ತು ಅಂತ ಕೇಳಿದರೆ ಸಂಘದ 14 ಮಂದಿಯಲ್ಲಿ ಒಬ್ಬರಿಗೂ ಗೊತ್ತಿಲ್ಲ. ತಪ್ಪು ನಮ್ಮದೂ ಇದೆ. ವರ್ಷಗಟ್ಟಲೆ ಅದೇ ಸಂಘದ ಲೆಕ್ಕ ನೋಡಿದ್ದೇವೆ, ಅವರು ಕಾಲಿಟ್ಟು ನಿಂತ ನೆಲದ ಲೆಕ್ಕ ಕೇಳಿರಲಿಲ್ಲ. ಅದಕ್ಕೇ ಈ ತಿಂಗಳ ಪಾಠ ಅರಣ್ಯ ಹಕ್ಕು ಕಾಯ್ದೆ.

ಈ ಕಾಯ್ದೆ ಯಾರೋ ದಯೆಯಿಂದ ಕೊಟ್ಟದ್ದಲ್ಲ. ಸಂವಿಧಾನ ಬರೆಯುವ ಸಭೆಯಲ್ಲೇ ಮಾತು ಶುರುವಾಗಿತ್ತು. ಛೋಟಾನಾಗಪುರದ, ಅಂದರೆ ಇಂದಿನ ಜಾರ್ಖಂಡಿನ ಮುಂಡಾ ಆದಿವಾಸಿ ಜೈಪಾಲ್ ಸಿಂಗ್ ಆ ಸಭೆಯ ಸದಸ್ಯರು. 1928ರ ಒಲಿಂಪಿಕ್ಸ್‌ನಲ್ಲಿ ನಮ್ಮ ದೇಶದ ಹಾಕಿ ತಂಡದ ನಾಯಕರಾಗಿದ್ದವರು. 1946ರ ಡಿಸೆಂಬರ್ 19ರಂದು ಅವರು ಎದ್ದುನಿಂತು, ಆದಿವಾಸಿಗಳಿಗೆ ಪ್ರಜಾಪ್ರಭುತ್ವವನ್ನು ನೀವು ಕಲಿಸಬೇಕಾಗಿಲ್ಲ, ಅವರಿಂದ ನೀವೇ ಕಲಿಯಬೇಕು ಎಂಬರ್ಥದ ಮಾತಾಡಿದರು. ಈ ಸಭೆಯಲ್ಲಿ ಗಂಡಸರೇ ಜಾಸ್ತಿ ಇದ್ದಾರೆ, ಹೆಂಗಸರು ಇನ್ನೂ ಬೇಕು ಅಂತಲೂ ಅಂದರು. ಹಾಡಿಯಲ್ಲಿ ಎಲ್ಲರೂ ಕೂತು, ಎಲ್ಲರ ಮಾತು ಕೇಳಿ ತೀರ್ಮಾನ ಮಾಡುವುದನ್ನು ನೋಡಿದವರಿಗೆ ಅವರ ಮಾತು ಅರ್ಥವಾಗುತ್ತದೆ.

ಆಮೇಲೆ ಏನಾಯ್ತು? ಬ್ರಿಟಿಷರ ಕಾಲದ ಅರಣ್ಯ ಕಾನೂನು ಹಾಗೇ ಮುಂದುವರಿಯಿತು. 1976ರಲ್ಲಿ ಸಂವಿಧಾನಕ್ಕೆ ತಿದ್ದುಪಡಿ ಮಾಡಿ, ಅದುವರೆಗೆ ರಾಜ್ಯಗಳ ವಿಷಯವಾಗಿದ್ದ ಅರಣ್ಯವನ್ನು ಕೇಂದ್ರ ಮತ್ತು ರಾಜ್ಯ ಎರಡಕ್ಕೂ ಸೇರಿದ ಪಟ್ಟಿಗೆ ಹಾಕಿದರು. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂತು. ಕೇಂದ್ರದ ಅನುಮತಿ ಇಲ್ಲದೆ ಕಾಡಿನ ಜಮೀನನ್ನು ಬೇರೆ ಕೆಲಸಕ್ಕೆ ಕೊಡುವ ಹಾಗಿಲ್ಲ ಅಂತಾಯ್ತು. ಕಾಡು ಉಳಿಯಲು ಅದು ಬೇಕಿತ್ತು, ನಾವು ಅಲ್ಲಗಳೆಯುವುದಿಲ್ಲ. ಆದರೆ ತಲೆತಲಾಂತರದಿಂದ ಒಳಗೇ ಇದ್ದವರ ಹೆಸರು ಯಾವ ಪುಸ್ತಕದಲ್ಲೂ ಇರಲಿಲ್ಲ. ಹಾಗಾಗಿ ಅವರೇ 'ಒತ್ತುವರಿದಾರ'ರಾದರು. 2002ರ ಮೇ ತಿಂಗಳಲ್ಲಿ ಕೇಂದ್ರದ ಪರಿಸರ ಮತ್ತು ಅರಣ್ಯ ಸಚಿವಾಲಯ, ಒತ್ತುವರಿದಾರರನ್ನು ತೆರವು ಮಾಡಿ ಅಂತ ರಾಜ್ಯಗಳಿಗೆ ಬರೆಯಿತು. ಅನೇಕ ಕಡೆ ಗುಡಿಸಲುಗಳು ಬಿದ್ದವು. ದೇಶದ ಉದ್ದಗಲಕ್ಕೂ ಆದಿವಾಸಿಗಳು ಬೀದಿಗಿಳಿದರು.

2005ರ ಡಿಸೆಂಬರ್ 13ರಂದು ಲೋಕಸಭೆಯಲ್ಲಿ ಮಸೂದೆ ಮಂಡನೆಯಾಯಿತು. ವಾದ ಜೋರಾಗಿತ್ತು. ಕಾಡನ್ನು ತುಂಡು ತುಂಡು ಮಾಡಿ ಹಂಚಿದರೆ ಹುಲಿ, ಆನೆ ಎಲ್ಲಿಗೆ ಹೋಗಬೇಕು ಅಂತ ವನ್ಯಜೀವಿ ರಕ್ಷಕರು ಕೇಳಿದರು. ಕಾಡು ಉಳಿದಿರುವುದು ಆದಿವಾಸಿಗಳು ಇರುವ ಕಡೆಯೇ ಅಲ್ಲವೇ ಅಂತ ಇನ್ನೊಂದು ಕಡೆಯವರು ಉತ್ತರ ಕೊಟ್ಟರು. ಮಸೂದೆ ಎರಡೂ ಸದನಗಳ ಜಂಟಿ ಸಮಿತಿಗೆ ಹೋಯಿತು. ವಿ. ಕಿಶೋರ್ ಚಂದ್ರ ದೇವ್ ಅದರ ಅಧ್ಯಕ್ಷರು. ಮೊದಲು 1980ಕ್ಕಿಂತ ಮುಂಚೆ ಸಾಗುವಳಿ ಮಾಡುತ್ತಿದ್ದವರಿಗೆ ಮಾತ್ರ ಅಂತ ಇದ್ದದ್ದು 2005ರ ಡಿಸೆಂಬರ್ 13ಕ್ಕೆ ಬಂತು. ಎರಡೂವರೆ ಹೆಕ್ಟೇರ್ ಮಿತಿ ಕೊನೆಗೆ 4 ಹೆಕ್ಟೇರ್, ಅಂದರೆ ಸುಮಾರು 10 ಎಕರೆ ಆಯ್ತು. ಆದರೆ ನಿಜವಾಗಿ ಅನುಭವದಲ್ಲಿ ಇರುವಷ್ಟು ಜಮೀನಿಗೆ ಮಾತ್ರ. ಪರಿಶಿಷ್ಟ ಪಂಗಡಕ್ಕೆ ಸೇರದ ಕಾಡುವಾಸಿಗಳನ್ನೂ ಸೇರಿಸಿದರು, ಆದರೆ ಅವರು ಮೂರು ತಲೆಮಾರು, 75 ವರ್ಷ, ಅಲ್ಲೇ ವಾಸವಿದ್ದು ಕಾಡನ್ನೇ ನಂಬಿ ಬದುಕಿದ್ದನ್ನು ತೋರಿಸಬೇಕು. ಇದು ಬಹಳ ಕಷ್ಟದ ಷರತ್ತು ಅಂತ ನಮ್ಮ ಅನುಭವ. 2006ರ ಡಿಸೆಂಬರಿನಲ್ಲಿ ಎರಡೂ ಸದನಗಳು ಒಪ್ಪಿದವು. ಇವರಿಗೆ ಆದದ್ದು ಚಾರಿತ್ರಿಕ ಅನ್ಯಾಯ ಅಂತ ಕಾಯ್ದೆಯ ಪೀಠಿಕೆಯಲ್ಲೇ ಬರೆದಿದೆ.

ಈಗ ನಮಗೆ ಮುಖ್ಯವಾದ ಜಾಗಕ್ಕೆ ಬರೋಣ. ಮದುವೆಯಾದವರಿಗೆ ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಜಂಟಿಯಾಗಿ ಆಗಬೇಕು ಅಂತ ಕಾಯ್ದೆಯ 4ನೇ ಕಲಂ ಹೇಳುತ್ತದೆ. ಒಂಟಿ ಮಹಿಳೆ ಮನೆ ನಡೆಸುತ್ತಿದ್ದರೆ ಅವರ ಹೆಸರಿಗೇ ಆಗುತ್ತದೆ. ಮಕ್ಕಳಿಗೆ ಬರುತ್ತದೆ, ಆದರೆ ಮಾರುವ ಹಾಗಿಲ್ಲ. ಬೈಬಲಿನ ನಾಬೋತ ಪಿತ್ರಾರ್ಜಿತ ದ್ರಾಕ್ಷಿತೋಟವನ್ನು ಅರಸ ಕೇಳಿದರೂ ಕೊಡಲಿಲ್ಲವಲ್ಲ, ಹಾಗೆ. ಸಾಲದ ಬಾಬ್ತು ಯಾರೋ ಬರೆಸಿಕೊಳ್ಳುವ ಭಯ ಇಲ್ಲ. ಜೇನು, ನೆಲ್ಲಿ, ಸೀಗೆ, ಅಂಟುವಾಳದಂಥ ಕಿರು ಉತ್ಪನ್ನಗಳ ಮೇಲೂ ಹಕ್ಕಿದೆ. ಇವನ್ನು ಆರಿಸಿ ತರುವವರು ಹೆಚ್ಚಾಗಿ ಯಾರು ಅಂತ ನಿಮಗೇ ಗೊತ್ತು.

ಯಾರಿಗೆ ಹಕ್ಕಿದೆ ಅಂತ ಮೊದಲು ನೋಡುವುದು ದೆಹಲಿಯಲ್ಲ, ಬೆಂಗಳೂರೂ ಅಲ್ಲ, ಗ್ರಾಮಸಭೆ. ಆದಿವಾಸಿ ಪ್ರದೇಶಗಳ ಗ್ರಾಮಸಭೆಗೆ ಸ್ವಯಮಾಡಳಿತ ಕೊಡುವ 'ಪೆಸಾ' ಕಾಯ್ದೆ 1996ರಲ್ಲೇ ಬಂದಿದ್ದರೂ ಅದು ಸಂವಿಧಾನದ ಐದನೇ ಅನುಸೂಚಿಯ ಪ್ರದೇಶಗಳಿಗೆ ಮಾತ್ರ. ಕರ್ನಾಟಕದಲ್ಲಿ ಅಂಥ ಪ್ರದೇಶ ಇಲ್ಲ. ಅರಣ್ಯ ಹಕ್ಕು ಕಾಯ್ದೆ ನಮಗೂ ಅನ್ವಯಿಸುತ್ತದೆ. ಮಹಿಳೆಯರು ಪೂರ್ಣವಾಗಿ, ಅಡೆತಡೆಯಿಲ್ಲದೆ ಭಾಗವಹಿಸುವುದೇ ಗ್ರಾಮಸಭೆ ಅಂತ ಅದರ ವ್ಯಾಖ್ಯೆಯಲ್ಲೇ ಇದೆ. 2012ರಲ್ಲಿ ತಿದ್ದಿದ ನಿಯಮದ ಪ್ರಕಾರ ಸದಸ್ಯರಲ್ಲಿ ಅರ್ಧದಷ್ಟಾದರೂ ಬರಬೇಕು, ಬಂದವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ಅರ್ಜಿ ಪರಿಶೀಲಿಸುವ ಅರಣ್ಯ ಹಕ್ಕು ಸಮಿತಿಯಲ್ಲೂ ಅಷ್ಟೇ ಪಾಲು. ಮನೆಮನೆಗೆ ಪುಸ್ತಕ ತಿರುಗಿಸಿ ಸಹಿ ಹಾಕಿಸಿದರೆ ಅದು ಗ್ರಾಮಸಭೆ ಅಲ್ಲ.

ಇದು ಕೈಗೂಡಿದ ಕಡೆಗಳೂ ಇವೆ. ನಮ್ಮ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ 2011ರಲ್ಲಿ ಸೋಲಿಗರ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು, ಅದೂ ಹುಲಿ ಸಂರಕ್ಷಿತ ಪ್ರದೇಶದ ಒಳಗೆ. ಒಡಿಶಾದ ನಿಯಮಗಿರಿ ಬೆಟ್ಟದಲ್ಲಿ ಬಾಕ್ಸೈಟ್ ಗಣಿ ಬೇಕೋ ಬೇಡವೋ ಗ್ರಾಮಸಭೆಗಳೇ ಹೇಳಲಿ ಅಂತ 2013ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಾಗ ಸಭೆ ಸೇರಿದ 12 ಹಳ್ಳಿಗಳೂ ಬೇಡ ಅಂದವು. ಆದರೆ 2019ರ ಫೆಬ್ರವರಿ 13ರಂದು, ಅರ್ಜಿ ತಿರಸ್ಕಾರವಾದವರನ್ನು ತೆರವು ಮಾಡಿ ಅಂತ ಅದೇ ಸುಪ್ರೀಂ ಕೋರ್ಟ್ ಆದೇಶಿಸಿತು. ಹದಿನೈದು ದಿನಗಳಲ್ಲಿ, 28ರಂದು, ಆ ಆದೇಶಕ್ಕೆ ತಡೆ ಬಂತು. ತಿರಸ್ಕಾರದ ಕಾಗದ ಸೆರಗಿನಲ್ಲಿ ಕಟ್ಟಿಕೊಂಡು ಸುಮ್ಮನಿರಬಾರದು ಅಂತ ನಾವು ಹೇಳುವುದು ಇದಕ್ಕೇ.

ಆ ತಾಯಿಯ ಕಾಗದಕ್ಕೆ ಬರೋಣ. ಉಪವಿಭಾಗ ಸಮಿತಿಯ ತೀರ್ಮಾನ ಒಪ್ಪಿಗೆಯಾಗದಿದ್ದರೆ 60 ದಿನದೊಳಗೆ ಜಿಲ್ಲಾ ಮಟ್ಟದ ಸಮಿತಿಗೆ ಮನವಿ ಹಾಕಬೇಕು. ಸಮಿತಿ ಮನಸ್ಸು ಮಾಡಿದರೆ ಇನ್ನೂ 30 ದಿನ ಕೊಡಬಹುದು. ತಾರೀಖು ನೋಡಿದರೆ ಆಗಲೇ 71 ದಿನ ಕಳೆದಿತ್ತು! ಮಾರನೇ ದಿನವೇ ಸಂಘದವರೆಲ್ಲ ಸೇರಿದರು. ದಾಖಲೆ ಅಂದರೆ ಪಹಣಿ, ರಸೀದಿ ಮಾತ್ರ ಅಲ್ಲ. ಹಳೆಯ ಮನೆಯ ಅಡಿಪಾಯ, ಕಟ್ಟಿದ ಬದು, ಸಮಾಧಿ, ದೇವರ ಕಲ್ಲು, ಇವೂ ಸಾಕ್ಷಿ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೂ ಸಾಕ್ಷಿ. ಒಂದಕ್ಕಿಂತ ಹೆಚ್ಚು ಸಾಕ್ಷಿ ಇರಬೇಕು. ಹಾಡಿಯ ಅಜ್ಜಿಯೊಬ್ಬರು ಯಾವ ಮರದಡಿ ಯಾರನ್ನು ಮಣ್ಣು ಮಾಡಿದ್ದು ಅಂತ ಒಂದೊಂದಾಗಿ ಹೇಳಿದರು. ಬರೆಯುತ್ತಿದ್ದ ಹುಡುಗಿಯ ಕೈ ಸೋತಿತು. ಗಂಡ ಹೆಂಡತಿ ಇಬ್ಬರ ಹೆಸರೂ ಹಾಕಿ ಮನವಿ ಕೊಟ್ಟು, ಸ್ವೀಕೃತಿ ಪತ್ರ ಕೇಳಿ ಪಡೆದು ಬಂದೆವು. ಉತ್ತರ ಇನ್ನೂ ಬಂದಿಲ್ಲ.

ಸಂಘದಲ್ಲಿ ಚರ್ಚಿಸಲು: ನಿಮ್ಮ ಊರಿನ ಅರಣ್ಯ ಹಕ್ಕು ಸಮಿತಿಯಲ್ಲಿ ಯಾವ ಹೆಂಗಸರಿದ್ದಾರೆ, ಅವರನ್ನು ಸಭೆಗೆ ಕರೆಯುತ್ತಾರಾ? ಹಕ್ಕುಪತ್ರ ಸಿಕ್ಕಿದ್ದರೆ ಅದರಲ್ಲಿ ನಿಮ್ಮ ಹೆಸರಿದೆಯಾ? ತಿರಸ್ಕಾರದ ಕಾಗದ ಯಾರ ಮನೆಯಲ್ಲಾದರೂ ಇದ್ದರೆ ಮುಂದಿನ ವಾರದ ಸಭೆಗೆ ತನ್ನಿ. ಮೊದಲು ತಾರೀಖು ನೋಡೋಣ.