ವಾಹನಗಳ ವಿಸ್ತರಿತ ವಾರಂಟಿ: ಸದಸ್ಯರು ತಿಳಿದಿರಬೇಕಾದ ಕೆಲವು ಸಂಗತಿಗಳು



ಹೊಸ ಕಾರೋ ಜೀಪೋ ಕೊಳ್ಳಹೊರಟ ಸದಸ್ಯರು ಕಚೇರಿಗೆ ಬಂದಾಗ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಎಕ್ಸ್‌ಟೆಂಡೆಡ್ ವಾರಂಟಿ ಎಂದು ಇಷ್ಟು ಸಾವಿರ ಹೆಚ್ಚಿಗೆ ಕೇಳುತ್ತಾರೆ, ಕಟ್ಟಬೇಕೋ, ಬೇಡವೋ?" ಇದಕ್ಕೆ ಒಂದೇ ಮಾತಿನ ಉತ್ತರವಿಲ್ಲ. ಕಾಗದದಲ್ಲಿ ಬರೆದಿರುವುದನ್ನೂ ನಮ್ಮ ವಾಹನ ಓಡುವ ರೀತಿಯನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಉತ್ತರ ತಾನಾಗಿಯೇ ಸಿಗುತ್ತದೆ.

ಮೂರು ಬೇರೆ ಬೇರೆ ರಕ್ಷಣೆಗಳು

ಮೊದಲನೆಯದು ವಿಮೆ. ಸಮಗ್ರ ವಿಮೆಯು ಅಪಘಾತ, ಕಳವು, ಬೆಂಕಿ, ನೆರೆ ಮುಂತಾದ ಹೊರಗಿನಿಂದ ಬಂದ ನಷ್ಟಕ್ಕೆ. ಎರಡನೆಯದು ತಯಾರಕರ ಮೂಲ ವಾರಂಟಿ. ಇದು ಗಾಡಿಯ ಬೆಲೆಯಲ್ಲೇ ಸೇರಿದ್ದು. ಸಾಮಗ್ರಿಯಲ್ಲಿ ಅಥವಾ ತಯಾರಿಕೆಯಲ್ಲಿ ದೋಷವಿದ್ದರೆ ಭಾಗವನ್ನು ಉಚಿತವಾಗಿ ಸರಿಪಡಿಸುವ ಇಲ್ಲವೇ ಬದಲಾಯಿಸುವ ವಚನ. ಮೂರನೆಯದು ವಿಸ್ತರಿತ ವಾರಂಟಿ. ಮೂಲ ವಾರಂಟಿ ಮುಗಿದ ಮೇಲೆ ಅಂಥದೇ ವಚನವನ್ನು ಪ್ರತ್ಯೇಕ ಹಣಕ್ಕೆ ಮುಂದುವರಿಸುವುದು ಇದರ ಕೆಲಸ. ಆದರೆ ಮೊದಲಿನದರಲ್ಲಿದ್ದ ಎಲ್ಲ ಭಾಗಗಳೂ ಇದರಲ್ಲಿ ಇರುತ್ತವೆಂದು ಭಾವಿಸಕೂಡದು.

ವರ್ಷ ಮತ್ತು ಕಿಲೋಮೀಟರಿನ ಲೆಕ್ಕ

"ಯಾವುದು ಮೊದಲೋ ಅದು" ಎಂಬ ಮಾತಿನ ಮೇಲೆ ಇಡೀ ಲೆಕ್ಕ ನಿಂತಿದೆ. ಉದಾಹರಣೆಗೆ, ಮೂಲ ವಾರಂಟಿ 3 ವರ್ಷ ಅಥವಾ 1 ಲಕ್ಷ ಕಿಲೋಮೀಟರು, ವಿಸ್ತರಿಸಿದ್ದು 5 ವರ್ಷ ಅಥವಾ 1 ಲಕ್ಷ 40 ಸಾವಿರ ಕಿಲೋಮೀಟರು ಎಂದಿಟ್ಟುಕೊಳ್ಳೋಣ. ಇಲ್ಲಿ 5 ವರ್ಷವೆಂದರೆ ಗಾಡಿ ಕೊಂಡ ದಿನದಿಂದ 5 ವರ್ಷ. ಹೆಚ್ಚಿಗೆ ದೊರೆತದ್ದು 2 ವರ್ಷ ಮಾತ್ರ. ತೋಟದಿಂದ ಪೇಟೆಗೆ ವರ್ಷಕ್ಕೆ 8,000 ಕಿಲೋಮೀಟರು ಓಡಿಸುವವರಿಗೆ ಆ 2 ವರ್ಷಗಳೂ ಪೂರ್ತಿ ದಕ್ಕುತ್ತವೆ. ವರ್ಷಕ್ಕೆ 40,000 ಕಿಲೋಮೀಟರು ಓಡುವವರಿಗೆ ಮೂಲ ವಾರಂಟಿ ಎರಡೂವರೆ ವರ್ಷಕ್ಕೇ ಮುಗಿದು, ವಿಸ್ತರಿಸಿದ್ದು ಮೂರೂವರೆ ವರ್ಷಕ್ಕೆ ಮುಗಿಯುತ್ತದೆ. ಕಟ್ಟುವ ಹಣ ಒಂದೇ, ಸಿಕ್ಕಿದ್ದು ಒಂದು ವರ್ಷ.

ಏನೇನು ಸೇರಿಲ್ಲ?

ಸಾಮಾನ್ಯವಾಗಿ ಎಂಜಿನ್, ಗೇರ್‌ಬಾಕ್ಸ್, ಸ್ಟೀರಿಂಗ್, ಹವಾನಿಯಂತ್ರಣ, ವಿದ್ಯುತ್ ಉಪಕರಣಗಳ ಒಳದೋಷಗಳು ಸೇರಿರುತ್ತವೆ. ಬಳಕೆಯಿಂದ ಸವೆಯುವ ಕ್ಲಚ್ ಪ್ಲೇಟು, ಬ್ರೇಕ್ ಪ್ಯಾಡು, ಟೈರು, ವೈಪರ್, ಬಲ್ಬು, ಫಿಲ್ಟರುಗಳು ಸೇರಿರುವುದಿಲ್ಲ. ಇಲಿ ಕಡಿದ ವೈರು, ನೀರು ನುಗ್ಗಿ ಕೆಟ್ಟ ಎಂಜಿನ್ ಇವು ತಯಾರಿಕೆಯ ದೋಷಗಳಲ್ಲವಾದ್ದರಿಂದ ಅವಕ್ಕೂ ಸಾಮಾನ್ಯವಾಗಿ ಪರಿಹಾರವಿಲ್ಲ.

ನಮ್ಮ ಮಲೆನಾಡಿನಲ್ಲಿ ಗಾಡಿ ಕೆಡುವುದಾದರೂ ಹೇಗೆ? ಏರುದಾರಿಯಲ್ಲಿ ಕ್ಲಚ್ ಸವೆಯುತ್ತದೆ, ಮಳೆಗಾಲದಲ್ಲಿ ಹಳ್ಳ ದಾಟುವಾಗ ನೀರು ನುಗ್ಗುತ್ತದೆ, ಕೊಟ್ಟಿಗೆಯಲ್ಲಿ ಇಲಿ ವೈರು ಕಡಿಯುತ್ತದೆ. ಈ ಮೂರೂ ವಾರಂಟಿಯ ಹೊರಗೆ. ಎಂಜಿನ್ನಿಗೆ ನೀರು ನುಗ್ಗಿದ್ದಕ್ಕೆ ವಿಮೆಯ ಜೊತೆ ಪ್ರತ್ಯೇಕವಾಗಿ ಕೊಳ್ಳುವ ಎಂಜಿನ್ ರಕ್ಷಣೆಯೇ ಬೇಕು. ಆದ್ದರಿಂದ ವಿಸ್ತರಿತ ವಾರಂಟಿಯನ್ನು ಕೊಳ್ಳುವುದಾದರೆ ದುಬಾರಿಯಾದ ಒಳಭಾಗಗಳಿಗಾಗಿ ಕೊಳ್ಳಬೇಕು. ಎಲ್ಲಕ್ಕೂ ಆಯಿತೆಂಬ ನಂಬಿಕೆಯಿಂದಲ್ಲ.

ಸರ್ವೀಸಿನ ತಾರೀಖು

ಇಲ್ಲಿ ನಮ್ಮದೇ ತಪ್ಪನ್ನು ಹೇಳಿಕೊಳ್ಳುವುದು ಒಳ್ಳೆಯದು. ಹಣ ಕಟ್ಟಿ ವಿಸ್ತರಿತ ವಾರಂಟಿ ಪಡೆದಿದ್ದೆವು. ಒಂದು ವರ್ಷ ಕಾಫಿ ಕುಯ್ಲಿನ ಗಡಿಬಿಡಿಯಲ್ಲಿ ಸರ್ವೀಸನ್ನು ನಾಲ್ಕು ತಿಂಗಳು ಮುಂದೂಡಿದೆವು. ಊರಿನ ಮೇಸ್ತ್ರಿಯಿಂದ ಎಣ್ಣೆ ಬದಲಾಯಿಸಿದ್ದಕ್ಕೆ ರಸೀದಿಯನ್ನೂ ಇಟ್ಟುಕೊಳ್ಳಲಿಲ್ಲ. ಮುಂದೆ ಎಂಜಿನ್ನಿನ ಟರ್ಬೊ ಕೆಟ್ಟಾಗ ಆ ಪುಟವನ್ನೇ ತೆರೆದು ತೋರಿಸಿ ಪರಿಹಾರ ನಿರಾಕರಿಸಿದರು. ಗೊಬ್ಬರಕ್ಕೆಂದು ತೆಗೆದಿಟ್ಟಿದ್ದ ಹಣ ರಿಪೇರಿಗೆ ಹೋಯಿತು. ಕೊಳೆರೋಗಕ್ಕೆ ಬೋರ್ಡೋ ಸಿಂಪಡಣೆಯನ್ನು ಮಳೆ ಹಿಡಿಯುವ ಮುಂಚೆಯೇ ಮಾಡಬೇಕೆಂದು ಎಲ್ಲರಿಗೂ ಹೇಳುವ ನಾವು ಈ ಸಣ್ಣ ಸಂಗತಿಯಲ್ಲಿ ಎಡವಿದ್ದೆವು.

ಹೊರಗೆ ರಿಪೇರಿ ಮಾಡಿಸಿದರೆ ವಾರಂಟಿ ಪೂರಾ ಹೋಗುತ್ತದೆಯೇ? 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗವು 14 ಕಾರು ತಯಾರಕರ ವಿರುದ್ಧ ಕೊಟ್ಟ ಆದೇಶದಲ್ಲಿ, ಹೊರಗೆ ರಿಪೇರಿ ಮಾಡಿಸಿದರೆಂಬ ಒಂದೇ ಕಾರಣಕ್ಕೆ ಇಡೀ ವಾರಂಟಿಯನ್ನು ರದ್ದುಪಡಿಸುವ ಷರತ್ತು ಹಾಕಕೂಡದು, ತಪ್ಪು ರಿಪೇರಿಯಿಂದ ಆದ ಹಾನಿಯ ಮಟ್ಟಿಗೆ ಮಾತ್ರ ನಿರಾಕರಿಸಬಹುದು ಎಂದು ಹೇಳಿತು. ಆ ಆದೇಶ ಮೇಲ್ಮನವಿಗಳಿಗೂ ಹೋಯಿತು. ಅದನ್ನು ನೆಚ್ಚಿ ಕೂರುವ ಬದಲು, ಅವಧಿಯ ಸರ್ವೀಸನ್ನು ಅಧಿಕೃತ ಕೇಂದ್ರದಲ್ಲಿ ಮಾಡಿಸಿ ರಸೀದಿಗಳನ್ನು ಕಾಪಾಡುವುದೇ ಕ್ಷೇಮ.

ಅನ್ಯಾಯವಾದರೆ

ಸಕಾರಣವಿಲ್ಲದೆ ನಿರಾಕರಿಸಿದರೆ ಮೊದಲು ಕಾರಣವನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅಲ್ಲಿಯೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ, ಗಾಡಿ ಕೊಂಡದ್ದು ದೂರದ ನಗರದಲ್ಲಾದರೂ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು. ವ್ಯಾಜ್ಯಕಾರಣ ಉಂಟಾದ 2 ವರ್ಷದೊಳಗೆ ಸಲ್ಲಿಸತಕ್ಕದ್ದು. ವಾಣಿಜ್ಯ ಉದ್ದೇಶಕ್ಕೆ ಕೊಂಡ ವಾಹನಕ್ಕೆ ಈ ಕಾಯಿದೆಯ ರಕ್ಷಣೆಯಿಲ್ಲ. ಸ್ವಂತ ದುಡಿಮೆಯ ಜೀವನೋಪಾಯಕ್ಕೆಂದೇ ಕೊಂಡು ತಾವೇ ಬಳಸುವವರಿಗೆ ಮಾತ್ರ ವಿನಾಯಿತಿಯುಂಟು.

ಸಹಿ ಹಾಕುವ ಮೊದಲು ಕೇಳಬೇಕಾದ ಪ್ರಶ್ನೆಗಳು

1. ವಚನ ಕೊಡುವವರು ಯಾರು: ತಯಾರಕರೋ, ಮಾರಾಟಗಾರರೋ, ಬೇರೆ ಕಂಪನಿಯೋ?
2. ಸೇರದ ಭಾಗಗಳ ಪಟ್ಟಿ ಎಲ್ಲಿದೆ?
3. ಪರಿಹಾರಕ್ಕೆ ಗರಿಷ್ಠ ಮಿತಿ ಇದೆಯೇ? ಕೂಲಿಯೂ ಸೇರಿದೆಯೇ?
4. ಸರ್ವೀಸು ಎಷ್ಟು ದಿನ ತಡವಾದರೆ ಒಪ್ಪುತ್ತಾರೆ?
5. ಗಾಡಿ ಮಾರಿದರೆ ವಾರಂಟಿ ಹೊಸಬರಿಗೆ ವರ್ಗವಾಗುತ್ತದೆಯೇ?
6. ಮೂಲ ವಾರಂಟಿ ಮುಗಿಯುವುದರೊಳಗೆ ಯಾವಾಗ ಬೇಕಾದರೂ ಕೊಳ್ಳಬಹುದೇ?

ಬಾಯಿಮಾತಿನ ಉತ್ತರ ಸಾಲದು, ಕಾಗದದಲ್ಲಿ ತೋರಿಸುವಂತೆ ಕೇಳಿರಿ. ಸರ್ವೀಸಿನ ತಾರೀಖನ್ನು ಸಿಂಪಡಣೆಯ ತಾರೀಖಿನ ಪಕ್ಕದಲ್ಲೇ ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಳ್ಳಿರಿ. ಒಪ್ಪಂದದ ಕಾಗದ ಅರ್ಥವಾಗದಿದ್ದಲ್ಲಿ ಹಣ ಕಟ್ಟುವ ಮುಂಚೆ ಸಂಘದ ಕಚೇರಿಗೆ ತನ್ನಿರಿ; ಕೂತು ಓದೋಣ.